ಚಾಂಪಿಯನ್ ಸಂಗಪ್ಪನವರು ಕಲಿಸಿದ ಆಟ

ಸುಳ್ಳು ಹೇಳುವುದು ನನಗೆ ಬರುವುದಿಲ್ಲವೆಂದಲ್ಲ; ಹೇಳಿದ ಸುಳ್ಳನ್ನು ಸಾಕಿಕೊಂಡು ಹೋಗುವುದು ಬರುವುದಿಲ್ಲ. ಪೊಲೀಸ್ ಕಾರ್ಯಾಚರಣೆಯಲ್ಲಿ ನಿಜಾಮರ ಆಳ್ವಿಕೆ ಮುಗಿದು, ನಮ್ಮ ಬೀದರಿನ ಕಚೇರಿಗೆ ಮದ್ರಾಸಿನ ಕಡೆಯಿಂದ ಹೊಸ ಸಾಹೇಬರು ಬಂದ ಮೇಲೆ ಇದು ನನಗೆ ಮನವರಿಕೆಯಾಯಿತು. "ಇಲ್ಲಿ ಯಾರಿಗಾದರೂ ಬಿಲಿಯರ್ಡ್ಸ್ ಬರುತ್ತಾ?" ಎಂದು ಬಂದ ವಾರದಲ್ಲೇ ಅವರು ಕೇಳಿದರು. ಅಷ್ಟೂ ಗುಮಾಸ್ತರಲ್ಲಿ ಒಂದೇ ಒಂದು ಕೈ ಮೇಲೆದ್ದಿತು. ಯಾರದೆಂದು ನೋಡಿದರೆ ನನ್ನದೇ. ಕ್ಲಬ್ಬಿನ ಆ ಹಸಿರು ಮೇಜನ್ನು ನಾನು ಕಿಟಕಿಯಾಚೆಯಿಂದ ನೋಡಿದ್ದೆನೇ ಹೊರತು ಮುಟ್ಟಿದವನಲ್ಲ.

ಆದರೆ ಕೈ ತಾನಾಗಿ ಎದ್ದದ್ದೇನಲ್ಲ. ಔರಾದಕ್ಕೆ ಒಬ್ಬನನ್ನು ವರ್ಗ ಮಾಡುತ್ತಾರೆಂದು ಸುದ್ದಿಯಿತ್ತು, ನನ್ನ ಹೆಸರೇ ಎಲ್ಲರ ಬಾಯಲ್ಲಿತ್ತು. ಔರಾದದ ಮೇಲೆ ನನಗೇನೂ ಸಿಟ್ಟಿಲ್ಲ. ನಾನು ಉರ್ದು ಸಾಲೆಯಲ್ಲಿ ಕಲಿತವನು. ಆಗ ಕನ್ನಡದಲ್ಲಿ ಒಂದು ಕಾಗದ ಬರೆಯಬೇಕೆಂದರೂ ಬೆವರುತ್ತಿದ್ದೆ. ಮಗಳನ್ನು ಆಗಷ್ಟೇ ಬೀದರಿನ ಕನ್ನಡ ಸಾಲೆಗೆ ಹಾಕಿದ್ದೆವು. ಔರಾದದಲ್ಲಿ ಇದ್ದದ್ದು ಮರಾಠಿ ಸಾಲೆ. ದಿನಾ ಸಂಜೆ ಅವಳು ಪಾಠ ಗಟ್ಟಿಯಾಗಿ ಓದುವಾಗ ನಾನು ಪಕ್ಕದಲ್ಲಿ ಕೂತು ಕದ್ದು ಕಲಿಯುತ್ತಿದ್ದೆ. ಆ ಸಂಜೆಗಳನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ತನ್ನ ಜೊತೆ ಆಡುವವನನ್ನು ಯಾವ ಸಾಹೇಬ ದೂರ ಕಳಿಸುತ್ತಾನೆ ಎಂಬುದು ನನ್ನ ಲೆಕ್ಕಾಚಾರ.

ಕಲಿಸಲು ಸಂಗಪ್ಪನವರಿದ್ದರು. ಭಾಲ್ಕಿಯ ತಹಶೀಲ್ ಕಚೇರಿಯಲ್ಲಿ ಪೇಶಕಾರರಾಗಿ ನಿವೃತ್ತರಾಗಿ ಬೀದರಿನಲ್ಲಿ ನೆಲೆಸಿದ್ದ ಅವರನ್ನು ಎಲ್ಲರೂ ಚಾಂಪಿಯನ್ ಸಂಗಪ್ಪ ಎನ್ನುತ್ತಿದ್ದರು. ಹಣೆ ತುಂಬ ವಿಭೂತಿ, ಮನೆಯ ಗೋಡೆಯ ಗೂಡಿನಲ್ಲಿ ಆಟದ ಬೆಳ್ಳಿ ಕಪ್ಪು. ಮಧ್ಯಾಹ್ನ ಖಾಲಿ ಇರುತ್ತಿದ್ದ ಕ್ಲಬ್ಬಿನಲ್ಲಿ ಪಾಠ ಶುರುವಾಯಿತು. ಮೊದಲ ನಾಲ್ಕು ದಿನ ಕೋಲನ್ನೇ ಮುಟ್ಟಗೊಡಲಿಲ್ಲ. ಸಾಹೇಬರಿಗೆ ಅಡ್ಡ ಬರದಂತೆ ಮೇಜು ಸುತ್ತುವುದು, ಅವರ ಚೆಂಡು ಬಿದ್ದಾಗ 'ವಾಹ್' ಅನ್ನುವುದು, ಇಷ್ಟೇ. "ಭಾಳ ಜೋರಲೆ ಅನಬ್ಯಾಡ್ರಿ. ಬಾಯಿ ತಪ್ಪಿ ಬಂದಂಗ ಇರಬೇಕು" ಎಂದು ಅದನ್ನು ಇಪ್ಪತ್ತು ಸಲ ಹೇಳಿಸಿದರು. ಐದನೆಯ ದಿನ ಕೋಲು ಕೈಗೆ ಬಂತು. ನನ್ನ ಚೆಂಡು ಮೂಲೆಯ ತೂತಿಗೆ ಬಿದ್ದರೆ ಲೊಚಗುಟ್ಟುತ್ತಿದ್ದರು. ಅಂಚಿಗೆ ತಾಗಿ ಹೊರಗುಳಿದರೆ ಬೆನ್ನು ತಟ್ಟುತ್ತಿದ್ದರು. ಪಾಪ, ಹೊಸಬನೆಂದು ಧೈರ್ಯ ತುಂಬುತ್ತಿದ್ದಾರೆ ಅಂದುಕೊಂಡೆ.

ಹದಿನೈದು ದಿನ ಕಳೆದ ಮೇಲೆ ತಡೆಯಲಾರದೆ ಕೇಳಿದೆ: "ಕಾಕಾ, ಚೆಂಡು ಒಳಗ ಹಾಕೋದು ಯಾವಾಗ ಕಲಸ್ತೀರಿ?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಯಾಕ್ರಿ?"

"ಗೆಲ್ಲಾಕರಿ."

"ಯಾರನ್ನ? ಸಾಹೇಬ್ರನ್ನ?" ಎಂದು ಅಲ್ಲೇ ಕುರ್ಚಿ ಹುಡುಕಿ ಕೂತರು. "ಮೂವತ್ತು ವರ್ಷ ನೌಕರಿ ಮಾಡೀನಿ. ಏಳು ಮಂದಿ ತಾಲೂಕದಾರ್ ಸಾಹೇಬ್ರ ಜೋಡಿ ಆಡೀನಿ. ಒಂದು ಆಟ ಗೆದ್ದಿಲ್ರಿ. ಮನ್ಯಾಗಿನ ಆ ಕಪ್ಪು ಸಾಹೇಬ್ರು ಸುಮ್ನ ಕೊಟ್ಟಾರೇನು? ಹತ್ತರ ಆಟ ಇದ್ರ ಒಂಬತ್ತಕ್ಕ ನಿಲ್ಲಬೇಕು. ಕೂದಲೆಳಿ ಅಂತರದಾಗ ತಪ್ಪಬೇಕು. ನೋಡಿದವ್ರು ಅಯ್ಯೋ ಅನಬೇಕು, ಸಾಹೇಬ್ರು ಬೆವರಬೇಕು. ಅದು ಆಟ."

ಇಡೀ ನಿಜಾಮಶಾಹಿಯಲ್ಲಿ ಸೋಲುವುದಕ್ಕೆ ಹೆಸರಾದವರ ಬಳಿ ಗೆಲ್ಲಲು ಹೋಗಿದ್ದೆ. ಆಮೇಲೆ ಯೋಚಿಸಿದರೆ ನನಗೆ ಬೇಕಾದ್ದೂ ಇದೇ ಅಲ್ಲವೇ ಅನ್ನಿಸಿತು. ಸೋತವನನ್ನು ಸಾಹೇಬರು ಬಿಟ್ಟುಕೊಡುತ್ತಾರೆಯೇ? ಮನಸ್ಸಿಟ್ಟು ತಪ್ಪುವುದನ್ನು ಕಲಿತೆ.

ಮುಂದಿನ ಭಾನುವಾರ ಸಾಹೇಬರು ಆಟಕ್ಕೆ ಕರೆದರು. ಮೊದಲು ಹತ್ತು ಸಲ ಚೆಂಡು ಒಳಗೆ ಹಾಕಿದವರು ಗೆದ್ದಂತೆ ಎಂದು ಸಾಹೇಬರೇ ಗೊತ್ತುಮಾಡಿದರು. ಹೇಗೋ ಒಂಬತ್ತು ಬಿದ್ದವು, ಪಾಠದಂತೆ ನಿಂತೆ. ಆದರೆ ಸಾಹೇಬರಿಗೆ ಆಟ ನನ್ನಷ್ಟೂ ಬರದೆಂದು ಯಾರಿಗೆ ಗೊತ್ತಿತ್ತು? ಅವರು ನಾಲ್ಕಕ್ಕೇ ನಿಂತುಬಿಟ್ಟರು. ನಾನು ಕೂದಲೆಳೆಯಷ್ಟು ತಪ್ಪುವುದು, ಅವರು ಮೊಳದಷ್ಟು ತಪ್ಪುವುದು, ಹೀಗೇ ಒಂದು ತಾಸು. ಕೊನೆಗೆ ನಾನು ಪಕ್ಕಕ್ಕೆಂದು ಹೊಡೆದ ಚೆಂಡು ಅಂಚಿಗೆ ತಾಗಿ, ತಿರುಗಿ, ನಿಧಾನವಾಗಿ ಹೋಗಿ ಮೂಲೆಯ ತೂತಿಗೆ ಬಿತ್ತು. ಹಿಂದೆ ನಿಂತಿದ್ದ ಸಂಗಪ್ಪನವರು ಕಣ್ಣು ಮುಚ್ಚಿಕೊಂಡರು.

"ತಪ್ಪಾತ್ರಿ ಸಾಹೇಬ್ರ" ಎಂದೆ. ಅದು ನಿಜವೂ ಆಗಿತ್ತು.

"ತಪ್ಪೇನು ಬಂತು?" ಎಂದು ಸಾಹೇಬರು ಕೈ ಕುಲುಕಿದರು. "ಇಲ್ಲಿಗೆ ಬಂದಾಗಿನಿಂದ ಹೌದು ಅನ್ನುವವರನ್ನೇ ನೋಡಿದ್ದೇನೆ. ನನ್ನನ್ನು ಸೋಲಿಸೋ ಧೈರ್ಯ ನಿಮಗೊಬ್ಬರಿಗೇ ಇರೋದು. ಔರಾದದಲ್ಲಿ ಯಾರ ಮುಲಾಜಿಗೂ ಬೀಳದ ಮನುಷ್ಯ ಬೇಕು. ನಾಳೆಯೇ ಹೊರಡಿ."

ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಹೆಂಡತಿ, ಮಗಳು ಬೀದರಿನಲ್ಲೇ ಉಳಿದರು. ಸಂಗಪ್ಪನವರು ಬೀಳ್ಕೊಡಲು ಬಂದು, "ಆಟ ಯಾರು ಕಲಿಸಿದ್ರಂತ ಅಲ್ಲಿ ಯಾರರೆ ಕೇಳಿದ್ರ ನನ್ನ ಹೆಸರು ಹೇಳಬ್ಯಾಡ್ರಿ" ಎಂದಷ್ಟೇ ಹೇಳಿ ಹೋದರು. ಔರಾದದ ಸಂಜೆಗಳಲ್ಲಿ ಪಾಠ ಓದುವ ದನಿ ಇರಲಿಲ್ಲ. ಮಗಳ ಮೊದಲ ಕಾಗದವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ ಅತ್ತೆ.

ಸಾಹೇಬರನ್ನೇ ಸೋಲಿಸಿದವನೆಂಬ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಒಂದು ದಿನ ಪಟೇಲರೊಬ್ಬರು ಗಡಿಗೆ ತುಂಬ ಮೊಸರು ಹಿಡಿದು ಬಾಗಿಲಿಗೆ ಬಂದರು. ನಾನು ಪಾತ್ರೆ ತರಲು ಏಳುವಷ್ಟರಲ್ಲಿ, "ಮಾಫ್ ಮಾಡ್ರಿ, ಮರತಿದ್ದೆ. ನೀವು ಕಾಣಿಕಿ ತಗೊಳ್ಳೋ ಮಂದಿ ಅಲ್ಲಂತ ಎಲ್ಲಾರೂ ಹೇಳ್ಯಾರ" ಎಂದು ಕೈಮುಗಿದು ತಿರುಗಿ ಹೋದರು. ನಾನೇ ಬಡಿದ ದಪ್ಪ ರೊಟ್ಟಿಗೆ ಖಾರ ಹಚ್ಚಿಕೊಂಡು ತಿಂದೆ. ಮೊಸರು ಗಟ್ಟಿಯಾಗಿತ್ತು. ಪಾತ್ರೆಗೆಂದು ಎದ್ದಾಗ ಗಡಿಗೆಯೊಳಗೆ ಇಣುಕಿ ನೋಡಿದ್ದೆ.