ಅವ್ವನ ತವರುಮನೆಯೂ ನನ್ನ ಹೊಸ ಲಿನಕ್ಸೂ

ನಾನು ಬಾಗಲಕೋಟೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಸರ್ವೇ ಕಲಿಸುತ್ತೇನೆ. ನೆಲ ಎಲ್ಲಿ ಎತ್ತರ, ಎಲ್ಲಿ ತಗ್ಗು, ನೀರು ಬಂದರೆ ಎಲ್ಲಿಯವರೆಗೆ ಬರುತ್ತದೆ ಎಂದು ಲೆಕ್ಕ ಹಾಕಿ ಹೇಳುವುದು ನನ್ನ ಹೊಟ್ಟೆಪಾಡು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದನ್ನು ಓದಿದ ಮೇಲೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಮುಳುಗಡೆಯಾದ ಹಳೇ ಊರಿನವರಿಗೆಂದು ಕಟ್ಟಿದ ನವನಗರದ ನಮ್ಮ ಮನೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದನ್ನು ಕೊಂಡವನು ನಾನು, ಅದರ ಯಜಮಾನಿ ನನ್ನ ಅವ್ವ. ಎಪ್ಪತ್ತು ದಾಟಿದ ಅವ್ವ ಮೊಣಕಾಲಿನ ಆಪರೇಷನ್ ಆಗಿ ಕೆಲವು ತಿಂಗಳು ಕುರ್ಚಿ ಬಿಟ್ಟು ಏಳದಂತಾದಾಗ, ನನ್ನ ಮಗಳು ಪಲ್ಲವಿ ಧಾರವಾಡದ ಹಾಸ್ಟೆಲ್ಲಿಗೆ ಹೊರಡುವ ಮುಂಚೆ ಆಯಿಗೆ, ಅಂದರೆ ತನ್ನ ಅಜ್ಜಿಗೆ, ಒಂದು ಆಟ ಕಲಿಸಿಟ್ಟಳು. ಚೌಕ ಚೌಕ ಕಲ್ಲು, ಮಣ್ಣು, ಕಟ್ಟಿಗೆ ಜೋಡಿಸಿ ಏನು ಬೇಕಾದರೂ ಕಟ್ಟಿಕೊಳ್ಳುವ ಆಟ. ಆಯಿಗೆ ತೊಂದರೆಯಾಗಬಾರದೆಂದು ಅದರಲ್ಲಿ ಹಸಿವು, ಪೆಟ್ಟು, ಸಾವು ಮೂರನ್ನೂ ಬಂದ್ ಮಾಡಿದ್ದಳು. ಅಷ್ಟು ಅನುಕೂಲವನ್ನು ನಾನು ಅವ್ವನಿಗೆ ಈವರೆಗೆ ಮಾಡಿಕೊಟ್ಟಿಲ್ಲ.

ಅವ್ವ ಹಳೇ ಊರಿನ ನೇಕಾರರ ಮನೆಯ ಮಗಳು. ಎಣಿಸಿ ಎಣಿಸಿ ಎಳೆ ಹಾಕಿದ ಕೈ ಅದು. ಆಟದಲ್ಲಿಯೂ ಸೀರೆ ನೇಯ್ದ ಹಾಗೆಯೇ ಎಡದಿಂದ ಬಲಕ್ಕೆ ಒಂದು ಸಾಲು, ಅದರ ಮೇಲೆ ಇನ್ನೊಂದು ಸಾಲು. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ಮತ್ತೆ ಮೊದಲಿನಿಂದ. ಒಂದು ದಿನ ಕಾಲೇಜಿನಿಂದ ಬಂದು ನೋಡುತ್ತೇನೆ, ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋದ ಅವಳ ತವರುಮನೆ ಪರದೆಯ ಮೇಲೆ ಎದ್ದು ನಿಂತಿದೆ. ಪಡಸಾಲೆ, ಅದರ ಮೂಲೆಯಲ್ಲಿ ಕಾಲು ಇಳಿಬಿಟ್ಟು ಕೂಡುವ ಕುಣಿ ಮಗ್ಗ, ಗೋಡೆಯ ಗೂಡಿನಲ್ಲಿ ದೇವರ ಮಾಡು, ಅಂಗಳದಲ್ಲಿ ಬೇವಿನ ಗಿಡ, ಗಿಡಕ್ಕೆ ಪಂಚಮಿಯ ಜೋಕಾಲಿ. ಜೋಕಾಲಿ ತೂಗುತ್ತಿರಲಿಲ್ಲ, ಅಷ್ಟೇ ಕೊರತೆ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಅವ್ವನಿಗೂ ಅವಳ ತಂಗಿ ಕಸ್ತೂರಿ ಚಿಗವ್ವನಿಗೂ ಹೋಗಲು ಮನೆ ಉಳಿದಿಲ್ಲ, ಕರೆಯಲು ಅಣ್ಣನೂ ಉಳಿದಿಲ್ಲ. ಊರು ಬಿಡುವ ದಿನ ಚಿಗವ್ವ ಇಳಕಲ್ಲಿನ ಗಂಡನ ಮನೆಯಲ್ಲಿ ಬಾಣಂತಿ. ಕಡೆಯ ಸಲ ಮನೆ ನೋಡಲಿಕ್ಕೂ ಬರಲಾಗಲಿಲ್ಲ ಎಂದು ಈಗಲೂ ಮಾತು ಬಂದಾಗಲೆಲ್ಲ ಹೇಳುತ್ತಾಳೆ. ಈ ವರ್ಷ ಶ್ರಾವಣ ಹತ್ತಿರ ಬಂದಾಗ ಅವ್ವ ಅವಳಿಗೆ ಫೋನು ಮಾಡಿದಳು.

“ಕಸ್ತೂರಿ, ಈ ಸಲ ಪಂಚಮಿಗೆ ಬಾ. ತವರಮನಿಗೆ ಕರಕೊಂಡ ಹೋಗ್ತೇನಿ.”

ಚಿಗವ್ವ ಆ ಕಡೆಯಿಂದ ಏನು ಕೇಳಿದಳೋ ಗೊತ್ತಿಲ್ಲ. ಅವ್ವ “ನೀ ಬಾ ಅಂತೇನಿ” ಎಂದಷ್ಟೇ ಹೇಳಿ ಫೋನು ಇಟ್ಟಳು.

ಅದೇ ವಾರ ಕಂಪ್ಯೂಟರ್ ತಗಾದೆ ತೆಗೆಯಿತು. ನಿನ್ನ ಯಂತ್ರ ಹಳೆಯದು, ಇನ್ನು ಮುಂದೆ ನನ್ನ ಜವಾಬ್ದಾರಿ ಇಲ್ಲ ಎಂಬರ್ಥದ ಒಂದು ನೋಟಿಸು ಪರದೆಯ ಮೇಲೆ ದಿನಾ ಬರತೊಡಗಿತು. ಆಟ ಮುಗ್ಗರಿಸತೊಡಗಿತು. ಅವ್ವ ಒಂದು ಕಲ್ಲು ಇಟ್ಟರೆ ಅದು ಚಹಾ ಕುಡಿದು ಬಂದು ಕೂಡುತ್ತಿತ್ತು. ಮಗ ಅಂದ ಮೇಲೆ ಸುಮ್ಮನಿರಲಾಗುತ್ತದೆಯೇ? ಕಂಪ್ಯೂಟರನ್ನು ನಡೆಸುವ ಹಳೆಯ ವ್ಯವಸ್ಥೆಯನ್ನು ತೆಗೆದು ಲಿನಕ್ಸ್ ಹಾಕುವುದಾಗಿ ನಾನು ಘೋಷಿಸಿದೆ. ಅದು ಪುಕ್ಕಟೆ, ಅದು ಸಾರ್ವಜನಿಕರ ಸೊತ್ತು, ಹಳೆಯ ಯಂತ್ರಕ್ಕೆ ಹೊಸ ಜೀವ ಕೊಡುತ್ತದೆ ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಈ ವಿಷಯದಲ್ಲಿ ನನಗೆ ಕಾಲೇಜಿನಲ್ಲಿ ಒಂದು ದಿನದ ತರಬೇತಿಯಾಗಿದೆ. ಅವತ್ತು ಊಟದ ನಂತರದ ಅವಧಿಯಲ್ಲಿ ನಿದ್ದೆ ಬಂದಿತ್ತು ಎಂಬುದನ್ನು ಭಾಷಣದಲ್ಲಿ ಸೇರಿಸಲಿಲ್ಲ.

ನನ್ನ ಹೆಂಡತಿ ಸುಜಾತಾ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಪಲ್ಲವೀನ ಒಂದ್ ಮಾತ ಕೇಳ್ರಿ.”

“ನಾ ಮಾಸ್ತರ ಅದೇನಿ ಸುಜಾತಾ.”

“ಅದಕ್ಕ ಹೇಳಾಕತ್ತೇನಿ” ಎಂದಳು.

ನಾನು ಕೇಳಲಿಲ್ಲ. ಅವ್ವನ ಆಟವನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಕೆಲಸ ಶುರು ಮಾಡಿದೆ. ಹಳೆಯದನ್ನು ಪೂರ್ತಿ ಅಳಿಸಲೇ ಎಂದು ಯಂತ್ರ ಕೇಳಿತು. ಅಳಿಸು ಎಂದೆ. ಮತ್ತೊಮ್ಮೆ ಯೋಚಿಸು ಎಂದಿತು. ನಾನು ಯೋಚಿಸುವವನಲ್ಲ, ಅಳಿಸು ಎಂದೆ. ಸ್ವಲ್ಪ ಹೊತ್ತಿನಲ್ಲಿ ಹೊಸ ಲಿನಕ್ಸ್ ಎಷ್ಟು ಚಂದವಾಗಿ ಬಂದು ಕೂತಿತೆಂದರೆ, ಅವ್ವನನ್ನೂ ಸುಜಾತಾಳನ್ನೂ ಕರೆದು ಪರದೆಯ ಮುಂದೆ ನಿಲ್ಲಿಸಿದೆ. ಇಬ್ಬರೂ ನೋಡಿದರು. ಮನೆ ಎಲ್ಲಿ ಎಂದು ಅವ್ವ ಕೇಳಿದಳು. ಮನೆ ಪೆನ್ ಡ್ರೈವಿನಲ್ಲಿದೆ, ಈಗ ಸ್ಥಳಾಂತರ ಮಾಡುತ್ತೇನೆ ಎಂದೆ. ಸ್ಥಳಾಂತರ ಎಂಬ ಮಾತು ಕೇಳಿ ಅವ್ವ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು.

ಸ್ಥಳಾಂತರ ಅಷ್ಟು ಸಲೀಸಾಗಲಿಲ್ಲ. ಅವ್ವನ ಆಟ ಹಳೆಯ ವ್ಯವಸ್ಥೆಗೆ ಒಗ್ಗಿದ್ದು. ಅದಕ್ಕೊಂದು ಉಪಾಯವಿದೆಯಂತೆ. ನೀನು ಇನ್ನೂ ನಿನ್ನ ಊರಿನಲ್ಲಿಯೇ ಇದ್ದೀಯ ಎಂದು ಆಟಕ್ಕೆ ನಂಬಿಸುವ ಒಂದು ತಂತ್ರಾಂಶ. ಹಳೇ ಊರಿನವರನ್ನು ನವನಗರದ ಸೆಕ್ಟರಿನ ಮನೆಗೆ ತಂದು ಇದೇ ನಿಮ್ಮ ಊರು ಎಂದ ಹಾಗೆ. ಅದನ್ನೂ ಹಾಕಿದೆ. ಆಟ ನಂಬಲಿಲ್ಲ. ಮೊದಲು ಪರದೆ ಕಪ್ಪಾಯಿತು. ಆಮೇಲೆ ಚಿತ್ರ ಬಂತು, ಸದ್ದು ಹೋಯಿತು. ಸದ್ದು ತರಿಸಿದೆ, ಮೌಸು ಕೆಟ್ಟಿತು. ಎಡಕ್ಕೆ ಸರಿಸಿದರೆ ಆಕಾಶ ನೋಡುತ್ತಿತ್ತು, ಬಲಕ್ಕೆ ಸರಿಸಿದರೂ ಆಕಾಶವನ್ನೇ ನೋಡುತ್ತಿತ್ತು. ಅವ್ವ ಬಾಗಿಲಲ್ಲಿ ನಿಂತು, ಅದಕ್ಕೂ ಮೊಣಕಾಲು ಹಿಡಿದಿದೆಯೇನು ಎಂದು ಕೇಳಿದಳು.

ಆಗ ಪಲ್ಲವಿಗೆ ಫೋನು ಮಾಡಬಹುದಿತ್ತು. ಮಾಡಿದರೆ ಮಾಸ್ತರಿಕೆ ಏನಾಗಬೇಕು? ಹುಡುಕಿ ಹುಡುಕಿ ಲಿನಕ್ಸಿನಲ್ಲಿಯೇ ಹುಟ್ಟಿ ಬೆಳೆದ, ಇದೇ ಬಗೆಯ ಇನ್ನೊಂದು ಆಟ ಕಂಡುಕೊಂಡೆ. ಹಳೆಯ ಆಟದಲ್ಲಿ ಕಟ್ಟಿದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಎತ್ತಿ ತಂದು ಹೊಸದರಲ್ಲಿ ಇಡುವ ಒಂದು ಸಲಕರಣೆಯೂ ಸಿಕ್ಕಿತು. ಅಷ್ಟರಲ್ಲಿ ಪಂಚಮಿಯ ಹಿಂದಿನ ಸಂಜೆಯಾಗಿತ್ತು. ಅಡುಗೆಮನೆಯಲ್ಲಿ ಶೇಂಗಾ ಹುರಿಯುವ ವಾಸನೆ. ಚಿಗವ್ವ ಬೆಳಗಿನ ಬಸ್ಸಿಗೆ ಇಳಕಲ್ಲಿನಿಂದ ಹೊರಡುವವಳು.

ಸಲಕರಣೆ ನನಗೆ ಕೆಲವು ಪ್ರಶ್ನೆ ಕೇಳಿತು. ಈ ಲೋಕದ ಹೆಸರೇನು? ಅವ್ವನ ಹೆಸರು ಬರೆದೆ. ಮೂಲಪ್ರತಿಯನ್ನು ಬೇರೆ ಕಡೆ ಉಳಿಸಿಡಲೇ? ಪೆನ್ ಡ್ರೈವಿನಲ್ಲಿ ಜಾಗ ಕಡಿಮೆಯಿತ್ತು, ಬೇಡ, ಹಳೆಯದರ ಮೇಲೆಯೇ ಹೊಸದನ್ನು ಬರೆ ಎಂದೆ. ನೀರಿನ ಮಟ್ಟ ಎಷ್ಟು?

ಅಲ್ಲಿ ಮೊದಲೇ ಯಾರೋ ಒಂದು ಸಣ್ಣ ಅಂಕಿ ತುಂಬಿಟ್ಟಿದ್ದರು. ಒಂದು. ಬರೀ ಒಂದು! ನನಗೆ ನಗು ಬಂತು. ಬಾಗಲಕೋಟೆಯವನಿಗೆ ನೀರಿನ ಮಟ್ಟ ಕೇಳಬೇಕೇ? ನಮ್ಮಲ್ಲಿ ಹೆಂಡತಿಯ ಫೋನ್ ನಂಬರ್ ಮರೆತವರಿದ್ದಾರೆ, ಆಲಮಟ್ಟಿಯ ಮಟ್ಟ ಮರೆತವರಿಲ್ಲ. ಚಹಾದಂಗಡಿಯಲ್ಲಿ ಅದೇ ಮಾತು, ಮದುವೆಯ ಪಂಕ್ತಿಯಲ್ಲಿ ಅದೇ ಮಾತು, ನಾನು ಪಾಠ ಮಾಡುವಾಗ ಹಲಗೆಯ ಮೇಲೆ ಬರೆಯುವ ಮೊದಲ ಉದಾಹರಣೆಯೂ ಅದೇ. ತಪ್ಪು ಉತ್ತರ ಕಂಡರೆ ತಿದ್ದುವುದು ಮಾಸ್ತರರ ಚಾಳಿ. ಆ ಒಂದನ್ನು ಅಳಿಸಿ, ಆಲಮಟ್ಟಿ ತುಂಬಿದಾಗ ಸಮುದ್ರಮಟ್ಟದಿಂದ ನೀರು ಎಷ್ಟು ಮೀಟರ್ ಎತ್ತರಕ್ಕೆ ನಿಲ್ಲುತ್ತದೋ ಆ ಸರಿಯಾದ ಅಂಕಿ ಬರೆದೆ: ಐದುನೂರಾ ಹತ್ತೊಂಬತ್ತು. ಸಲಕರಣೆ ಮರುಮಾತಾಡದೆ ಒಪ್ಪಿಕೊಂಡಿತು. ಕೆಲಸ ಮುಗಿಯಿತು ಎಂಬ ಅಕ್ಷರ ಬಂದದ್ದೇ ತಡ, ಕಂಪ್ಯೂಟರ್ ಬಂದ್ ಮಾಡಿ ಎದ್ದೆ. ತೆರೆದು ನೋಡಬೇಕೆಂದು ಅನ್ನಿಸಲಿಲ್ಲ. ಬೆಳಿಗ್ಗೆ ಎಲ್ಲರ ಮುಂದೆ ತೆರೆದರಾಯಿತು ಎಂದುಕೊಂಡೆ.

ಮರುದಿನ ಚಿಗವ್ವ ಡಬ್ಬಿ ತುಂಬ ಎಳ್ಳುಂಡಿ ತಂದಳು. ನಾಗಪ್ಪನಿಗೆ ಹಾಲೆರೆದು ಅಕ್ಕತಂಗಿಯರು ಹೊಸ ಇಳಕಲ್ ಸೀರೆ ಉಟ್ಟರು. ಕಂಪ್ಯೂಟರಿನ ಮುಂದೆ ಕೂಡುವುದಕ್ಕೆ ಚಿಗವ್ವ ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಬಹಳ ವರ್ಷಗಳ ಮೇಲೆ ತವರಿಗೆ ಹೋಗುವವಳಲ್ಲವೇ? ಅದನ್ನು ನೋಡಿ ಅವ್ವನೂ ಸೆರಗು ಸರಿಮಾಡಿಕೊಂಡಳು. ನಾನು ಲಿನಕ್ಸಿನ ಬಗ್ಗೆ ಎರಡು ಮಾತು ಹೇಳಿ ಆಟ ತೆರೆದೆ.

ಪರದೆ ಪೂರ್ತಿ ನೀಲಿ.

ಬಣ್ಣದ ತೊಂದರೆ ಎಂದೆ. ಹೊಸ ವ್ಯವಸ್ಥೆಯಲ್ಲಿ ಬಣ್ಣ ಹೊಂದಿಸಿಕೊಳ್ಳಬೇಕಾಗುತ್ತದೆ, ಇದು ಎಲ್ಲ ಕಡೆ ಆಗುವಂಥದ್ದೇ. ಬೆಳಕು ಹೆಚ್ಚಿಸಿದೆ, ತಿಳಿನೀಲಿಯಾಯಿತು. ಕಡಿಮೆ ಮಾಡಿದೆ, ಕಡುನೀಲಿಯಾಯಿತು. ಪರದೆಯ ವಾಯರು ಕಿತ್ತು ಮತ್ತೆ ಸಿಕ್ಕಿಸಿದೆ. ನೀಲಿಯೊಳಗೆ ಮಸುಕಾಗಿ ಒಂದು ಗೋಡೆ, ಒಂದು ಕಂಬ ಕಾಣುತ್ತಿದ್ದವು. ಕನ್ನಡಕ ಒರೆಸಿಕೊಂಡು ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದ ಚಿಗವ್ವ ಮೆಲ್ಲಗೆ ಹೇಳಿದಳು:

“ಅಕ್ಕಾ, ದೇವರ ಮಾಡಿನ್ಯಾಗಿಂದ ಮೀನ ಹೊಂಟೈತಿ.”

ಹೌದು, ಮೀನು. ಅದರ ಹಿಂದೆ ಇನ್ನೊಂದು. ಸುಜಾತಾ ಉಂಡಿಯ ತಾಟು ಹಿಡಿದು ನಿಂತವಳು ತಾಟನ್ನು ಟೇಬಲ್ಲಿನ ಮೇಲೆ ಇಟ್ಟು ಒಳಗೆ ಹೋದಳು. ನನಗೆ ಆಗ ಐದುನೂರಾ ಹತ್ತೊಂಬತ್ತು ನೆನಪಾಯಿತು. ಆ ಲೋಕದಲ್ಲಿ ಮಟ್ಟ ಎಣಿಸುವುದು ಕಲ್ಲಿನ ಲೆಕ್ಕದಲ್ಲಿ, ಅವ್ವನ ಅಂಗಳ ಮೊದಲಿನ ನೀರಿನ ಮಟ್ಟಕ್ಕಿಂತ ನಾಲ್ಕು ಕಲ್ಲು ಮೇಲಿತ್ತು. ನಾನು ಅದರ ಮೇಲೆ ಐದುನೂರು ಕಲ್ಲಿನಷ್ಟು ನೀರು ನಿಲ್ಲಿಸಿದ್ದೆ. ನಿಜವಾದ ಆಣೆಕಟ್ಟು ಕಟ್ಟಿದವರು ಕೂಡ ಆ ಓಣಿಗೆ ಅಷ್ಟು ನೀರು ಬಿಟ್ಟಿರಲಿಲ್ಲ. ನಡೆದದ್ದನ್ನು ಆದಷ್ಟು ಪಾರಿಭಾಷಿಕ ಪದಗಳಲ್ಲಿ ವಿವರಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

“ಈರಣ್ಣ, ಆವಾಗ ನೋಟಿಸರೆ ಕೊಟ್ಟಿದ್ರು” ಎಂದಳು. “ನೀ ಅದನ್ನೂ ಕೊಡಲಿಲ್ಲ.”

ಸಿಟ್ಟಾಗಿ ಹೇಳಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಅವಳು ಅದನ್ನು ಪೇಪರಿನಲ್ಲಿ ಬಂದ ಸುದ್ದಿಯ ಹಾಗೆ ಹೇಳಿದಳು. ನಾನು ಆಟ ಮುಚ್ಚಲು ಕೈ ಚಾಚಿದೆ. ಚಿಗವ್ವ ನನ್ನ ಕೈ ಹಿಡಿದು ನಿಲ್ಲಿಸಿ ಅಕ್ಕನ ಕಡೆ ತಿರುಗಿದಳು.

“ತಡಿಯೋ. ಅಕ್ಕಾ, ಒಳಗ ಹೋಗಾಕ ಬರತೈತೇನ?”

ಅವ್ವ ಮೌಸಿನ ಮೇಲೆ ಕೈಯಿಟ್ಟಳು. ಪಲ್ಲವಿಯ ಕೃಪೆಯಿಂದ ಅವಳಿಗೆ ಸಾವಿರಲಿಲ್ಲವಲ್ಲ. ಅದೃಷ್ಟಕ್ಕೆ ಆ ಅನುಕೂಲ ಮಾತ್ರ ಹೊಸ ಆಟಕ್ಕೂ ಸುರಕ್ಷಿತವಾಗಿ ಬಂದಿತ್ತು. ನೀರೊಳಗೆ ಎಷ್ಟು ಹೊತ್ತು ಬೇಕಾದರೂ ಇರಬಹುದು. ಬಾಗಿಲು ದಾಟಿ ಈಜುತ್ತ ಪಡಸಾಲೆಗೆ ಹೋದಳು. ಇದು ಅಪ್ಪ ಕೂಡುವ ಜಾಗ, ಇದು ಮಗ್ಗದ ಕುಣಿ ಎಂದು ತೋರಿಸುತ್ತ ಹೋದಳು. ಕುಣಿಯಲ್ಲಿ ಸಣ್ಣ ಮೀನುಗಳು ಗುಂಪು ಕಟ್ಟಿದ್ದವು. ಅಡುಗೆಮನೆಯ ಕಿಟಕಿ ಎಡಗಡೆ ಇತ್ತು ಎಂದು ಚಿಗವ್ವ, ಬಲಗಡೆ ಎಂದು ಅವ್ವ, ಅದಕ್ಕೊಂದು ಜಗಳವಾಯಿತು. ಬೇವಿನ ಗಿಡದ ಹತ್ತಿರ ಬಂದಾಗ ಅವ್ವ ನಿಂತಳು. ಆಟದ ನೀರಿಗೆ ಸೆಳೆತವಿತ್ತೋ, ಅಥವಾ ನಾನು ಪರದೆಯ ವಾಯರನ್ನು ಸರಿಯಾಗಿ ಸಿಕ್ಕಿಸಿರಲಿಲ್ಲವೋ, ಜೋಕಾಲಿ ಅಲುಗಾಡಿದ ಹಾಗೆ ಕಂಡಿತು. ಇಬ್ಬರೂ ಬಹಳ ಹೊತ್ತು ಅದನ್ನೇ ನೋಡಿದರು.

“ಮುಳಗಿದ ಮ್ಯಾಲೆ ಹೆಂಗ ಆಗೇತೋ ಅಂತ ಭಾಳ ಸಲ ಅನಸ್ತಿತ್ತು” ಎಂದಳು ಚಿಗವ್ವ. ಮಾತು ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಒಂದು ಉಂಡಿ ಮುರಿದು ಅರ್ಧ ಅಕ್ಕನಿಗೆ ಕೊಟ್ಟು ಅರ್ಧ ತಾನು ತಿಂದಳು. ನನಗೆ ಯಾರೂ ಕೊಡಲಿಲ್ಲ.

ಇಷ್ಟು ಕಂಡು ನನಗೆ ಧೈರ್ಯ ಬಂತು. ಒಂದು ರೀತಿಯಲ್ಲಿ ನೋಡಿದರೆ ಒಳ್ಳೆಯದೇ ಆಯಿತಲ್ಲ ಎಂದೆ. ಅಕ್ಕತಂಗಿಯರು ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಬಗ್ಗಿ ಪರದೆಯ ವಾಯರನ್ನು ಮತ್ತೊಮ್ಮೆ ಸಿಕ್ಕಿಸತೊಡಗಿದೆ.

ಸಂಜೆ ಪಲ್ಲವಿಗೆ ಫೋನು ಮಾಡಿದೆ. ಮೂಲಪ್ರತಿ ಇದ್ದರೆ ಆ ಒಂದು ಅಂಕಿ ಸರಿಮಾಡಿ ಮತ್ತೊಮ್ಮೆ ಸ್ಥಳಾಂತರ ಮಾಡಿದರಾಯಿತು, ಒಂದು ನಿಮಿಷದ ಕೆಲಸ ಎಂದಳು. ಮೂಲಪ್ರತಿ ಇಲ್ಲ ಎಂದೆ. ಹಾಗಾದರೆ ಬಕೆಟ್ಟು ತಗೊಳ್ಳಿ ಎಂದಳು.

ಆಟದಲ್ಲಿ ನಿಜವಾಗಿಯೂ ಒಂದು ಬಕೆಟ್ಟಿದೆ. ಒಂದು ಬಕೆಟ್ಟು ನೀರೆತ್ತಿದರೆ ಪಕ್ಕದ ನೀರು ಬಂದು ಆ ಜಾಗ ತುಂಬುತ್ತದೆ ಎಂಬುದು, ನೀರಿನ ಸ್ವಭಾವ ಕಲಿಸುವ ನನಗೆ ಒಂದು ವಾರ ನೀರೆತ್ತಿದ ಮೇಲೆ ಹೊಳೆಯಿತು. ಈಗ ಪಲ್ಲವಿ ಹೇಳಿದ ಬೇರೆ ದಾರಿ ಹಿಡಿದಿದ್ದೇನೆ. ಮೊದಲು ಅಂಗಳಕ್ಕೆಲ್ಲ ಮುಚ್ಚಳ ಹಾಕಬೇಕು, ಆಮೇಲೆ ಮನೆಯೊಳಗೆ ನೀರಿರುವ ಒಂದೊಂದು ಚೌಕಕ್ಕೂ ಒಂದೊಂದು ಕಲ್ಲಿಟ್ಟು ನೀರನ್ನು ಇಲ್ಲದಂತೆ ಮಾಡಬೇಕು, ಕೊನೆಗೆ ಆ ಕಲ್ಲುಗಳನ್ನೆಲ್ಲ ಕಿತ್ತು ತೆಗೆಯಬೇಕು. ದಿನಾ ಕಾಲೇಜಿನಿಂದ ಬಂದವನು ಚಹಾ ಕುಡಿದು ಕೆಲಸಕ್ಕೆ ಕೂಡುತ್ತೇನೆ. ಅವ್ವ ಪಕ್ಕದ ಕುರ್ಚಿಯಲ್ಲಿ ಕೂತು ಸಾಲು ತಪ್ಪಿದರೆ ಬಿಚ್ಚಿಸಿ ಮತ್ತೆ ಇಡಿಸುತ್ತಾಳೆ. ಎಲ್ಲಿಯಾದರೂ ಅಂಕಿ ಬರೆಯುವ ಪ್ರಸಂಗ ಬಂದರೆ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಳ್ಳುತ್ತಾಳೆ.

“ಕಲ್ಲ ನೀ ಇಡು. ನಂಬರ್ ನಾ ಹಾಕ್ತೇನಿ.”

ಚಿಗವ್ವ ಇಳಕಲ್ಲಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದಲೇ ಹೇಳಿ ಹೋಗಿದ್ದಾಳೆ, ಮುಂದಿನ ಪಂಚಮಿಗೆ ಮತ್ತೆ ಬರುತ್ತಾಳಂತೆ, ಅಷ್ಟರಲ್ಲಿ ತವರುಮನೆ ಒಣಗಿರಬೇಕಂತೆ. ಒಣಗದಿದ್ದರೆ ಮುಂದಿನ ಕ್ರಮ ಕೈಗೊಳ್ಳಲಾಗುವುದೆಂದು ಅವ್ವನೂ ಸೇರಿಸಿದ್ದಾಳೆ. ಈ ಸಲ ಎಲ್ಲವೂ ಕಾಯ್ದೆ ಪ್ರಕಾರ ನಡೆದಿದೆ. ನೋಟಿಸು ಕೊಟ್ಟೇ ಕೆಲಸ ಶುರುವಾಗಿದೆ. ನೋಟಿಸು ಬಂದಿರುವುದು ನನಗೆ.