ಕಳ್ಳಿಗಳಿಗೆ ಮಜ್ಜಿಗೆ ಕುಡಿಸಿದ್ದು

ಗಿಡ ನೋಡಿಕೊಳ್ಳುವುದು ಒಂದು ಕೆಲಸವೇ ಅಲ್ಲ ಎಂದು ನಾನು ನಂಬಿದ್ದೆ. ಅದರಲ್ಲೂ ಕಳ್ಳಿ ಜಾತಿಯ ಗಿಡ! ನಮ್ಮ ಕೊಪ್ಪಳದ ಬಂಡೆಗಳ ಸಂದಿಯಲ್ಲಿ ಯಾರೂ ನೋಡಿಕೊಳ್ಳದೆಯೇ ಬೆಳೆದು ನಿಂತಿರುತ್ತವೆ. ನಾನು ಗಣಿತದ ಮೇಷ್ಟ್ರು, ಬೇಸಿಗೆ ರಜೆಯಲ್ಲಿದ್ದೆ. ಆದ್ದರಿಂದ ಹೆಂಡತಿ ಗಿರಿಜಾ ತನ್ನ ಅಕ್ಕನ ಮೊಣಕಾಲಿನ ಆಪರೇಷನ್ನಿಗೆಂದು ಕುಷ್ಟಗಿಗೆ ಹೊರಟಾಗ, ಮಾಳಿಗೆಯ ಮೇಲಿನ ಅವಳ ಕುಂಡಗಳ ಜವಾಬ್ದಾರಿಯನ್ನು ನಗುನಗುತ್ತಲೇ ಸ್ವೀಕರಿಸಿದೆ.

ಅವಳು ಬಾಗಿಲಲ್ಲಿ ಚೀಲ ಹಿಡಿದು ನಿಂತು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ.

"ಬ್ಯಾಸಿಗ್ಯಾಗ ಇವು ಮಲಗಿರ್ತಾವ. ನೀರು ಹಾಕಬ್ಯಾಡ್ರಿ, ಸುಮ್ನ ಬಿಡ್ರಿ. ಆದ್ರ ಒಂದು ಮೊಗ್ಗು ಹಿಡದೈತಿ, ಅದನ್ನ ಜ್ವಾಕಿ ಮಾಡ್ರಿ. ನಾಕು ವರ್ಷದಿಂದ ಕಾಯಾಕತ್ತೀನಿ."

ಯಾವ ಗಿಡ ಎಂದು ನಾನು ಕೇಳಲಿಲ್ಲ. ಮೊಗ್ಗನ್ನು ಗುರುತಿಸಲಾರದವನೇ ನಾನು?

ಮೇಲೆ ಹೋಗಿ ನೋಡಿದೆ. ದಪ್ಪ ಎಲೆಯವು, ಮುಳ್ಳಿನವು, ಗುಲಾಬಿಯಂತೆ ಸುರುಳಿ ಸುತ್ತಿದವು, ಕಲ್ಲಿನ ಹರಳಿನಂತೆ ಮಣ್ಣಲ್ಲಿ ಹುದುಗಿದವು. ಅವುಗಳ ನಡುವೆ ಒಂದು ಚಂದದ ನೀಲಿ ಕುಂಡದಲ್ಲಿ ನೆಟ್ಟಗೆ ಎದ್ದ ದಂಟು, ಅದರ ತುದಿಯಲ್ಲಿ ದುಂಡಗಿನ ಮೊಗ್ಗು. ಸಿಕ್ಕಿತು! ಅದಕ್ಕೆ ಬಿಸಿಲು ತಾಗಬಾರದೆಂದು ನನ್ನ ಸ್ವಂತ ಛತ್ರಿಯನ್ನು ಬಿಚ್ಚಿ ಕೋಲಿಗೆ ಕಟ್ಟಿ ನಿಲ್ಲಿಸಿದೆ. ನಾನು ಬರಿದಲೆಯಲ್ಲಿ ಸಂತೆಗೆ ಹೋಗಿ ಬಂದೆ.

ಉಳಿದ ಗಿಡಗಳು ಬಾಡಿ ಸುಕ್ಕುಗಟ್ಟಿ ನನ್ನನ್ನೇ ನೋಡುತ್ತಿದ್ದವು. ನೀರು ಹಾಕಬಾರದೆಂಬುದು ಆಜ್ಞೆ. ಆದರೆ ನಮ್ಮದು ಬಾಗಿಲಿಗೆ ಬಂದ ಅಪರಿಚಿತನಿಗೂ ಮೊದಲು ತಂಬಿಗೆ ನೀರು ಕೊಟ್ಟು ಆಮೇಲೆ ಹೆಸರು ಕೇಳುವ ಸೀಮೆ. ಮನೆಯಲ್ಲೇ ಇರುವ ಜೀವಗಳನ್ನು ಬಾಯಾರಿಸಿ ನಾನೊಬ್ಬನೇ ಗಟಗಟ ಕುಡಿಯುವುದು ಹೇಗೆ? ಒಂದೊಂದು ಲೋಟ ಹಾಕಿದೆ. ಮರುದಿನ ಎರಡೆರಡು. ಬಿಸಿಲು ಇನ್ನೂ ಏರಿದಾಗ, ತಂಪು ಎಂದರೆ ಏನೆಂದು ಯೋಚಿಸಿ, ತಿಳಿ ಮಜ್ಜಿಗೆ ಮಾಡಿದೆ. ಉಪ್ಪು ಹಾಕಲಿಲ್ಲ. ಅಷ್ಟು ವಿವೇಕ ನನಗಿದೆ.

ಗಿರಿಜಾ ದಿನಾ ಸಂಜೆ ಫೋನ್ ಮಾಡಿ ಅಕ್ಕನ ಮೊಣಕಾಲಿನ ಸುದ್ದಿ ಹೇಳಿ, ಮೊಗ್ಗಿನ ಸುದ್ದಿ ಕೇಳುತ್ತಿದ್ದಳು. ನೆಟ್ಟಗೆ ಏರುತ್ತಿದೆ ಎಂದು ನಾನು ಸತ್ಯವನ್ನೇ ಹೇಳುತ್ತಿದ್ದೆ. ಫೋಟೋ ಕಳಿಸಲೇ ಎಂದರೆ ಬೇಡ ಎಂದಳು.

"ಕಣ್ಣಾರೆ ನೋಡ್ತೀನ್ರಿ. ನಾ ಬರೂತನಕ ಅರಳಲಿಲ್ಲಂದ್ರ ಸಾಕು."

ಆ ದನಿ ಕೇಳಿದ ಮೇಲೆ ನಾನು ಛತ್ರಿಯ ಗಂಟನ್ನು ಇನ್ನಷ್ಟು ಬಿಗಿ ಮಾಡಿದೆ.

ಕೆಲವೇ ದಿನಗಳಲ್ಲಿ ಮಜ್ಜಿಗೆ ಕುಡಿದವರ ಸ್ಥಿತಿ ಬಿಗಡಾಯಿಸಿತು. ಎಲೆಗಳು ಮುಟ್ಟಿದರೆ ಕಳಿತ ಬಾಳೆಹಣ್ಣಿನಂತೆ ಕೈಗೇ ಬರುತ್ತಿದ್ದವು. ಇರುವೆ ಬಂದವು, ನೊಣ ಬಂದವು, ಅವುಗಳ ಹಿಂದೆಯೇ ಪಕ್ಕದ ಮನೆಯ ಶಂಕ್ರವ್ವನೂ ಬಂದಳು. ಕುಂಡಗಳನ್ನು ನೋಡಿ, ಮೂಸಿ, ನಿರ್ಣಯ ಹೇಳಿದಳು.

"ಇದು ರೋಗ ಅಲ್ರಿ ಸರ, ದೃಷ್ಟಿ. ಹಾದು ಹೋಗೋರೆಲ್ಲ ನಿಂತು ನೋಡ್ತಾರ. ಅಮಾಸಿ ಬಂತು, ಬಾಗಲಕ್ಕ ಒಂದು ಕತ್ತಾಳಿ ಬುಡಮ್ಯಾಲ ಮಾಡಿ ಕಟ್ರಿ."

ಇದು ನಮ್ಮಲ್ಲಿ ಮನೆಮನೆಯ ಪದ್ಧತಿ. ಕತ್ತಾಳಿಯನ್ನು ಬೇರುಸಹಿತ ಕಿತ್ತು ತಲೆಕೆಳಗಾಗಿ ಬಾಗಿಲಿಗೆ ತೂಗುಹಾಕುತ್ತಾರೆ. ಆದರೆ ಗಿಡಗಳಿಗೆ ದೃಷ್ಟಿ ತಾಗದಿರಲೆಂದು ಗಿಡವನ್ನೇ ನೇಣಿಗೆ ಹಾಕಿದ ಮೊದಲಿಗ ಬಹುಶಃ ನಾನೇ. ಬಿಸಿಲಲ್ಲಿ ಕತ್ತಾಳಿ ಹುಡುಕುತ್ತ ಹಿಟ್ನಾಳದ ಕಡೆ ಹೋಗುವ ಬದಲು ಕುಂಡಗಳಲ್ಲೇ ನೋಡಿದೆ. ಮೂಲೆಯಲ್ಲಿ ಚುಕ್ಕಿ ಎಲೆಯದೊಂದು ಇತ್ತು, ಯಾವ ಕೋನದಿಂದ ನೋಡಿದರೂ ಕತ್ತಾಳಿ. ಮಣ್ಣು ಕೊಡವಿ, ಅರಿಶಿನ ಕುಂಕುಮ ಹಚ್ಚಿ, ಕರಿದಾರದಲ್ಲಿ ಮಾಳಿಗೆಯ ಬಾಗಿಲಿನ ಮೇಲೆ, ಸೂರಿನ ನೆರಳಿನಲ್ಲಿ ಎತ್ತರಕ್ಕೆ ಕಟ್ಟಿದೆ. ಕೈ ಮುಗಿದೆ. ಮತ್ತೆ ಮೇಲೆ ನೋಡುವ ಅಗತ್ಯ ಬೀಳಲಿಲ್ಲ. ಕೆಳಗೆ ಮಜ್ಜಿಗೆ ಕೆಲಸವೇ ಸಾಕಷ್ಟಿತ್ತು.

ಗಿರಿಜಾ ಬಂದ ದಿನ ಚೀಲ ಇಳಿಸಿ, ನೀರೂ ಕುಡಿಯದೆ ಮಾಳಿಗೆ ಹತ್ತಿದಳು. ನಾನು ಹಿಂದೆ ಹಿಂದೆ ಹೋದೆ. ಕೊಳೆತ ಕುಂಡಗಳ ನಡುವೆ ಒಂದೊಂದನ್ನೇ ಬಗ್ಗಿ ನೋಡುತ್ತ ನಡೆದಳು.

"ಮೊಗ್ಗಿನ ಗಿಡ ಎಲ್ಲೈತ್ರಿ?" ಎಂದಳು ಮೆಲ್ಲಗೆ.

ನಾನು ಛತ್ರಿಯನ್ನು ಸರಿಸಿ, ಪರದೆ ಎಳೆದು ಶಿಲಾಫಲಕ ತೋರಿಸುವವರಂತೆ ತೋರಿಸಿದೆ. ಬಿಳಿ ಹೂವಿನ ಉಂಡೆ ಅರಳಿ ನಿಂತಿತ್ತು.

ಅವಳು ಅದನ್ನು ನೋಡಿದಳು. ನನ್ನನ್ನು ನೋಡಿದಳು.

"ಇದು ಉಳ್ಳಾಗಡ್ಡಿರಿ. ಮೊಳಕಿ ಬಂದಿತ್ತಂತ ನಾನೇ ಹಚ್ಚಿದ್ದೆ."

ಈರುಳ್ಳಿ! ನಮ್ಮಪ್ಪ ಯಲಬುರ್ಗಾದ ಹೊಲದಲ್ಲಿ ಜೀವನಪೂರ್ತಿ ಉಳ್ಳಾಗಡ್ಡಿಯನ್ನೇ ಬೆಳೆದವನು. ನೀಲಿ ಕುಂಡದಲ್ಲಿ ಇಟ್ಟರೆ ಮಗನಿಗೆ ಗುರುತು ಸಿಗಲಿಲ್ಲ.

"ನನ್ನದು ಚುಕ್ಕಿ ಎಲಿದು" ಎಂದಳು. "ಎಲಿ ನಡುವ ಸಣ್ಣ ಮೊಗ್ಗಿತ್ತು, ಗೋದಿ ಕಾಳಿನಷ್ಟ."

ನನ್ನ ಕಣ್ಣು ತಾನಾಗಿಯೇ ಬಾಗಿಲಿನ ಮೇಲಕ್ಕೆ ಹೋಯಿತು. ಅವಳ ಕಣ್ಣೂ ಹಿಂಬಾಲಿಸಿತು.

ಬೇರು ಮೇಲಾಗಿ, ಕುಂಕುಮ ಬಳಿದುಕೊಂಡು ಅದು ನೇತಾಡುತ್ತಿತ್ತು. ಕೆಳಮುಖವಾದ ಎಲೆಗಳ ನಡುವಿನಿಂದ ಒಂದು ದಂಟು ಹೊರಬಂದು, ಕೊಕ್ಕೆಯಂತೆ ಬಾಗಿ, ಆಕಾಶದ ಕಡೆ ತಿರುಗಿತ್ತು. ಅದರ ತುದಿಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ಗಂಟೆಗಳು, ಎರಡು ಅರಳಿದ್ದವು, ಉಳಿದವು ಕಾಯುತ್ತಿದ್ದವು.

ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಇದೊಂದು ನಿಮ್ಮ ಕೈಗೆ ನಿಲುಕಲಿಲ್ಲ ನೋಡ್ರಿ. ಅದಕ್ಕ ಬದುಕೈತಿ."

ಇಳಿಸಿಕೊಡಲೇ ಎಂದೆ. ಮುಟ್ಟಬ್ಯಾಡ್ರಿ ಎಂದಳು. ತಾನೇ ಸ್ಟೂಲು ತಂದು ಹತ್ತಿ, ಹೂವಿನ ಹತ್ತಿರ ಮುಖ ಒಯ್ದು ನಿಂತಳು. ಸ್ಟೂಲಿನ ಒಂದು ಕಾಲು ಗಿಡ್ಡ. ನಾನು ಕೆಳಗೆ ಕುಳಿತು ಎರಡೂ ಕೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ತೋಟದ ಸಂಬಂಧ ನನಗೆ ಈಗಲೂ ಅಧಿಕೃತವಾಗಿ ಉಳಿದಿರುವ ಕೆಲಸ ಅದೊಂದೇ.