ಅಷ್ಟಬಂಧದಲ್ಲಿ ಕೂತ ಅಂಗೈ ಗಣಕ

ಬಹಳ ಹಿಂದೆ, ಅಂದರೆ ನಿಮ್ಮ ಕಂಪ್ಯೂಟರು ‘ಇನ್ನೊಂದೇ ನಿಮಿಷ’ ಎಂದು ಗಿರಗಿರನೆ ಸುತ್ತಲು ಶುರುಮಾಡಿತಲ್ಲ, ಅದಕ್ಕೂ ತುಸು ಮೊದಲು, ವಿಶಾಲಪುರವೆಂಬ ರಾಜ್ಯವೊಂದಿತ್ತು. ಅಲ್ಲಿ ಸಣ್ಣದೆನ್ನುವುದೇ ಇರಲಿಲ್ಲ. ಮಹಾರಾಜ ಭೂರಿವಿಕ್ರಮನ ಬಿರುದುಗಳನ್ನು ಹೊಗಳುಭಟರು ಬೆಳಿಗ್ಗೆ ಹೇಳತೊಡಗಿದರೆ, ನಡುವೆ ಎರಡು ಪಂಕ್ತಿ ಊಟ ಮುಗಿದು ಮೂರನೆಯ ಪಂಕ್ತಿಗೆ ಎಲೆ ಹಾಕುವ ಹೊತ್ತಿಗೆ ‘ಜಯತು ಜಯತು’ ಎಂಬಲ್ಲಿಗೆ ಬಂದು ತಲುಪುತ್ತಿದ್ದರು. ಅರಮನೆಯ ಗಣಕಯಂತ್ರವಂತೂ ಮೂರು ಆನೆಗಳು ಪಕ್ಕಪಕ್ಕ ನಿಂತಷ್ಟಿತ್ತು. ಉತ್ಪ್ರೇಕ್ಷೆ ಎಂದು ಮೂಗು ಮುರಿಯಬೇಡಿ. ನಿಜಕ್ಕೂ ನಾಲ್ಕು ಆನೆಯಷ್ಟಿತ್ತು. ಪತ್ರಿಕೆಯ ಓದುಗರು ನಂಬಲಿಕ್ಕಿಲ್ಲವೆಂದು ಒಂದಾನೆಯನ್ನು ಬಿಟ್ಟು ಹೇಳಲಾಗಿದೆ.

ಈ ಗಣಕವನ್ನು ನೋಡಿಕೊಳ್ಳುತ್ತಿದ್ದವನು ಗಣಕಪಾಲ ದೊಡ್ಡವೀರಪ್ಪ. ಯಂತ್ರ ಗುಡುಗಿದರೆ ಗಡಿಯಾಚೆಯ ಗೂಢಚಾರರು ‘ವಿಶಾಲಪುರದಲ್ಲಿ ಕಚೇರಿ ತೆರೆದಿದೆ’ ಎಂದು ಬರೆದುಕೊಳ್ಳುತ್ತಿದ್ದರು. ಅದರ ನೆತ್ತಿ ಎಷ್ಟು ಬಿಸಿಯಾಗುತ್ತಿತ್ತೆಂದರೆ, ವೀರಪ್ಪ ಬೆಳಿಗ್ಗೆ ಬುತ್ತಿಯ ಕ್ಯಾರಿಯರ್ ಇಟ್ಟರೆ ಮಧ್ಯಾಹ್ನ ಒಂದಕ್ಕೆ ಸಾರು ಕೊತಕೊತ ಕುದಿಯುತ್ತಿತ್ತು. ಅರಮನೆಯ ಬೆಕ್ಕು ಅದರ ಬೆನ್ನ ಹಿಂದೆಯೇ ಆರು ಬಾಣಂತನ ಮುಗಿಸಿತ್ತು.

ಇಷ್ಟು ದೊಡ್ಡ ಯಂತ್ರಕ್ಕೆ ಇದ್ದದ್ದು ಒಂದೇ ಕೆಲಸ. ಪ್ರತಿ ವರ್ಷ ಯುಗಾದಿಯೊಳಗೆ ಪ್ರತಿಯೊಬ್ಬ ಪ್ರಜೆಗೂ ‘ಜೀವಂತಪತ್ರ’ ಮುದ್ರಿಸಿ ಕೊಡುವುದು. ಆ ಪತ್ರವಿಲ್ಲದವನು ಸರ್ಕಾರದ ಪ್ರಕಾರ ಸತ್ತವನು, ಅವನಿಗೆ ಪಡಿತರದ ಅಕ್ಕಿಯಿಲ್ಲ. ಅಂಗಡಿಯವನ ಮುಂದೆ ಎದೆ ಬಡಿದುಕೊಂಡರೂ ‘ನೀನು ನಿಂತಿರೋದು ಕಾಣ್ತದೆ ಮಾರಾಯ, ಬದುಕಿರೋದು ಕಾಣ್ತಿಲ್ಲ’ ಎಂದು ಅವನು ತಕ್ಕಡಿ ಮಗುಚಿ ಇಡುತ್ತಿದ್ದ. ರಾಜನಿಗೂ ಮಂತ್ರಿಗಳಿಗೂ ಈ ತಾಪತ್ರಯವಿರಲಿಲ್ಲ. ಅವರು ಹಿಂದೆಯೇ ಒಂದು ಕಾಯಿದೆ ಮಾಡಿಕೊಂಡು ಅಮರರಾಗಿದ್ದರು.

ವೀರಪ್ಪನಿಗೆ ಇದ್ದ ಸಂಕಟ ಯಂತ್ರದ ಗುಂಡಿಯದು. ಅದು ಮುಂಭಾಗದಲ್ಲಿ, ಸರಿಯಾಗಿ ಹೊಟ್ಟೆಯ ಮಟ್ಟದಲ್ಲಿತ್ತು. ಮಂತ್ರಿಗಳು ತಪಾಸಣೆಗೆಂದು ಬಂದರೆ ಮೊದಲು ಒಳಗೆ ಬರುತ್ತಿದ್ದದ್ದು ಅವರ ಹೊಟ್ಟೆಗಳೇ. ಹೊಟ್ಟೆ ತಗುಲಿ ಗುಂಡಿ ಒತ್ತಿಹೋಗಿ, ಮುದ್ರಣ ಅರ್ಧಕ್ಕೇ ನಿಲ್ಲುತ್ತಿತ್ತು. ಅರ್ಧ ಮುದ್ರಣವಾದ ಪತ್ರ ಹಿಡಿದವರು ಕಾನೂನಿನ ಪ್ರಕಾರ ಸೊಂಟದವರೆಗೆ ಮಾತ್ರ ಬದುಕಿರುತ್ತಿದ್ದರು. ಅವರಿಗೆ ಅರ್ಧ ಸೇರು ಅಕ್ಕಿ.

ಕಡೆಗೊಂದು ದಿನ ವೀರಪ್ಪ ಮಹಾರಾಜನಿಗೆ ಅರ್ಜಿ ಬರೆದ. ‘ಹೊಸ ವಿನ್ಯಾಸದ ಗಣಕ ಬೇಕು. ಅದು ಚಿಕ್ಕದಾಗಿರಬೇಕು. ಸದ್ದು ಮಾಡಬಾರದು. ಗುಂಡಿಯು ಯಾವ ಮಂತ್ರಿಯ ಹೊಟ್ಟೆಗೂ ಎಂದೆಂದಿಗೂ ನಿಲುಕದ ಜಾಗದಲ್ಲಿರಬೇಕು.’ ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದ. ಆ ಗೆರೆಗಳ ಚಂದಕ್ಕೆ ತಾನೇ ತಲೆದೂಗಿದ.

ಮನೆಯಲ್ಲಿ ಸೋದರತ್ತೆ ಸಾತವ್ವನಿಗೂ ಓದಿ ಹೇಳಿದ. ತಾಯಿಯಿಲ್ಲದ ವೀರಪ್ಪನನ್ನು ತನ್ನ ಪಾಲಿನ ಪಡಿತರದಲ್ಲೇ ಸಾಕಿ ಈ ಗಾತ್ರಕ್ಕೆ ತಂದವಳು ಅವಳು. ಹಾಸಿಗೆ ಮೀರಿ ಕಾಲು ಚಾಚುವ ಮಾತು ಅವಳಿಗೆ ಹಿಡಿಸುತ್ತಿರಲಿಲ್ಲ.

‘ಲೋ ದೊಡ್ಡಾ, ಇರೋದು ಕೆಟ್ಟಿಲ್ವಲ್ಲೋ.’

‘ಅತ್ತೆ, ಹೊಸದು ಬಂದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ನಿನ್ನ ಪತ್ರ ಕೈಗೆ ಬರುತ್ತೆ. ನನ್ನ ಕೈಗೆ ಸಿಕ್ಕಿದ ಯಂತ್ರ ಯಾವುದು ತಾನೆ ಮಾತು ಕೇಳಿಲ್ಲ ಹೇಳು?’

‘ಅಷ್ಟು ಚಿಕ್ಕದ್ರೊಳಗೆ ಇಷ್ಟು ಜನ ಎಲ್ಲಿ ಹಿಡೀತಾರೋ? ಹಿಂಡಿ ತುಂಬ್ತಾರಾ?’

ವೀರಪ್ಪ ನಕ್ಕ. ಆ ನಗು ಅಂತಿಂಥದ್ದಲ್ಲ, ಪಕ್ಕದ ಬೀದಿಯ ಎಮ್ಮೆಗಳು ಹಗ್ಗ ಜಗ್ಗಿದವು.

ಅರ್ಜಿ ನೋಡಿ ಮಹಾಮಂತ್ರಿ ಸಮ್ಮತಿರಾಯನು ಅಧ್ಯಯನ ಪ್ರವಾಸಕ್ಕೆಂದು ಏಳು ದೇಶ ತಿರುಗಿ, ಎರಡು ವರ್ಷದ ಮೇಲೆ ಗಣಕದೊಂದಿಗೆ ಮರಳಿದ. ಮೂವತ್ತು ಜನ ಹೊತ್ತು ತಂದ ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು, ಹೀಗೆ ಬಿಚ್ಚುತ್ತಾ ಹೋಗಿ ಕಡೆಗೆ ಸಿಕ್ಕಿದ್ದು ನಾಲ್ಕು ಹೋಳಿಗೆ ಪೇರಿಸಿಟ್ಟಷ್ಟು ದೊಡ್ಡ ಬೆಳ್ಳಿಬಣ್ಣದ ವಸ್ತು. ಸಭೆ ‘ಆಹಾ’ ಎಂದಿತು. ವೀರಪ್ಪನ ಕಣ್ಣಲ್ಲಿ ನೀರೇ ಬಂತು.

‘ಹಳೆಯದಕ್ಕೆ ನಲವತ್ತು ತೂತುಗಳಿದ್ದವಲ್ಲ, ಇದಕ್ಕೆ ಎರಡೇ ಇದೆಯಲ್ಲಯ್ಯಾ?’ ಮಹಾರಾಜ ಕೇಳಿದ.

‘ಮಹಾಪ್ರಭು, ತೂತು ಕಡಿಮೆಯಾದಷ್ಟೂ ಆಡಳಿತ ಬಿಗಿ,’ ಎಂದ ಸಮ್ಮತಿರಾಯ.

‘ಮುದ್ರಣಯಂತ್ರ, ಕೀಲಿಮಣೆ, ಪರದೆ, ಇವನ್ನೆಲ್ಲ ಎಲ್ಲಿ ಸಿಕ್ಕಿಸುವುದು?’

‘ಅದಕ್ಕೆಂದೇ ತೂತುಪೆಟ್ಟಿಗೆಯೊಂದನ್ನು ಪ್ರತ್ಯೇಕವಾಗಿ ತಂದಿದ್ದೇವೆ. ಹೊರಗೆ ಎತ್ತಿನಗಾಡಿಯಲ್ಲಿದೆ ಪ್ರಭು. ಇಳಿಸಲು ಎಂಟು ಜನ ಬೇಕು.’

‘ಗಣಕ ಇಷ್ಟು ಚಿಕ್ಕದು, ಪೆಟ್ಟಿಗೆ ಅಷ್ಟು ದೊಡ್ಡದೆ?’

‘ಚಿಕ್ಕದರ ಚಿಕ್ಕತನ ಎದ್ದು ಕಾಣಲೆಂದೇ ಹಾಗೆ ಮಾಡಿದ್ದಾರೆ, ಮಹಾಪ್ರಭು.’

ಮಹಾರಾಜನಿಗೆ ಈ ಉತ್ತರ ಎಷ್ಟು ಹಿಡಿಸಿತೆಂದರೆ, ಅದನ್ನೇ ಎರಡು ಸಲ ಹೇಳಿಸಿ ಕೇಳಿದ.

ಈಗ ವಿಶಾಲಪುರದ ಪದ್ಧತಿಯೊಂದನ್ನು ಹೇಳಬೇಕು. ನಾವು ನೀವು ಹೊಸ ಫೋನಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳದೆ ಮೂರು ವರ್ಷ ಬಳಸುವ ಜನ, ಆದ್ದರಿಂದ ನಗುವ ಹಕ್ಕು ನಮಗಿಲ್ಲ. ಅಲ್ಲಿ ಅರಮನೆಗೆ ಏನೇ ಹೊಸದು ಬರಲಿ, ಅದನ್ನು ಪೀಠದ ಮೇಲಿಟ್ಟು ಪ್ರತಿಷ್ಠಾಪನೆ ಮಾಡುತ್ತಿದ್ದರು. ಗುಡಿಯಲ್ಲಿ ವಿಗ್ರಹ ಅಲುಗದಂತೆ ಅದರ ಬುಡಕ್ಕೆ ಅಷ್ಟಬಂಧ ಹಾಕುತ್ತಾರಲ್ಲ, ಅರಗು, ಬೆಣ್ಣೆ ಮೊದಲಾದ ಎಂಟು ಬಗೆ ಕುಟ್ಟಿ ಮಾಡಿದ ಅಂಟು, ಕಲ್ಲಿನಂತೆ ಗಟ್ಟಿಯಾಗುವುದು, ಅದನ್ನೇ ಇಲ್ಲಿ ಎಲ್ಲಕ್ಕೂ ಹಾಕುತ್ತಿದ್ದರು. ಫ್ರಿಜ್ಜಿಗೆ ಹಾಕಿದ್ದರು, ಟೆಲಿಫೋನಿಗೆ ಹಾಕಿದ್ದರು. ಮಂತ್ರಿಗಳ ಕುರ್ಚಿಗಳಿಗೆ ಹಾಕಿದ್ದು ಮಾತ್ರ ಎರಡು ಪದರ. ಒಮ್ಮೆ ಹಾಕಿದರೆ ಹನ್ನೆರಡು ವರ್ಷ ಬಿಡಿಸುವಂತಿಲ್ಲ.

ಶುಭದಿನ ಗೊತ್ತಾಯಿತು. ಹಳೆಯ ಗಣಕವನ್ನು ಡೊಳ್ಳು ವಾದ್ಯಗಳ ಜೊತೆ ಮೆರವಣಿಗೆಯಲ್ಲಿ ಒಯ್ದು ಊರ ಕೆರೆಯಲ್ಲಿ ವಿಸರ್ಜಿಸಲಾಯಿತು. ಕೆರೆ ಮೂರು ದಿನ ಕುದಿಯಿತು, ಬೆಂದ ಮೀನು ತಿಂದವರು ಇಂದಿಗೂ ಆ ರುಚಿಯನ್ನು ನೆನೆಯುತ್ತಾರೆ. ಹೊಸದನ್ನು ಪೀಠದ ಮೇಲಿಟ್ಟು, ಬುಡಕ್ಕೆ ಅಷ್ಟಬಂಧ ಬಳಿದು, ಹಾರ ಹಾಕಿ, ಕುಂಕುಮವಿಟ್ಟು, ರಾಜಪುರೋಹಿತರು ಕಾಯಿ ಒಡೆದರು.

‘ಗಣಕಪಾಲ, ಚಾಲೂ ಮಾಡು!’ ಎಂದ ಮಹಾರಾಜ.

ವೀರಪ್ಪ ಗತ್ತಿನಿಂದ ಮುಂದೆ ಬಂದ. ಮುಂಭಾಗ ನೋಡಿದ, ಗುಂಡಿಯಿಲ್ಲ. ಬಲಗಡೆ ನೋಡಿದ, ಎಡಗಡೆ ನೋಡಿದ, ಹಾರ ಸರಿಸಿ ನೆತ್ತಿ ತಡವಿದ. ಹಿಂದೆ ಹೋಗಿ ಬಂದ. ಪ್ರದಕ್ಷಿಣೆ ಹಾಕುತ್ತಿದ್ದಾನೆಂದು ಭಾವಿಸಿ ಸಭೆ ಕೈಮುಗಿಯಿತು. ಐದನೆಯ ಸುತ್ತಿಗೆ ಅವನ ಬೆನ್ನಿನಲ್ಲಿ ಇಳಿದ ಬೆವರಿನಲ್ಲಿ ಒಂದು ಗದ್ದೆ ನಾಟಿ ಮಾಡಬಹುದಿತ್ತು.

ಅಷ್ಟರಲ್ಲಿ ಸಮ್ಮತಿರಾಯ ಕಿವಿಗೊಟ್ಟು ಉದ್ಗರಿಸಿದ: ‘ಆಹಾ! ಮಹಾಪ್ರಭು, ಕೇಳಿಸಿತೆ? ಏನೂ ಕೇಳಿಸುತ್ತಿಲ್ಲ!’

‘ಮುಟ್ಟಿ ನೋಡಿದೆ ಪ್ರಭು, ಬಿಸಿಯೂ ಆಗುತ್ತಿಲ್ಲ!’ ಎಂದರು ಪುರೋಹಿತರು.

‘ಇಷ್ಟು ಮೌನವಾಗಿ ಓಡುವ ಗಣಕ ಭೂಮಂಡಲದಲ್ಲೇ ಇಲ್ಲ!’ ಎಂದಿತು ಸಭೆ.

ಮಹಾರಾಜ ವೀರಪ್ಪನ ಕಡೆ ತಿರುಗಿದ. ‘ಓಡುತ್ತಿದೆಯೇನಯ್ಯಾ?’

ವೀರಪ್ಪ ಹೆಗಲ ಮೇಲಿನ ವಸ್ತ್ರದಿಂದ ಬೆವರು ಒರೆಸಿಕೊಂಡ. ಸದ್ದು ಬೇಡವೆಂದು ಬರೆದವನು ತಾನೇ. ಕಣ್ಣು ಮುಚ್ಚಿ ನಡೆಸುತ್ತೇನೆಂದು ಊರೆಲ್ಲ ಹೇಳಿಕೊಂಡು ಬಂದವನೂ ತಾನೇ. ‘ಓಡುತ್ತಿದೆ ಮಹಾಪ್ರಭು,’ ಎಂದ. ‘ಎಷ್ಟು ವೇಗವೆಂದರೆ, ನನಗೇ ಕಾಣಿಸುತ್ತಿಲ್ಲ.’

ಸಭೆ ಚಪ್ಪಾಳೆ ತಟ್ಟಿತು. ವೀರಪ್ಪನಿಗೆ ಶಾಲು ಹೊದಿಸಿದರು.

ಮರುದಿನದಿಂದ ಸಾತವ್ವ ಕಚೇರಿಗೆ ಬರತೊಡಗಿದಳು. ಯುಗಾದಿಗೆ ಹದಿನೈದು ದಿನವಿತ್ತು.

‘ಏನೋ ದೊಡ್ಡಾ, ಇವತ್ತಾದ್ರೂ ಬದುಕಿದ್ದೀನಾ?’

‘ನಾಳೆ ಬಾ ಅತ್ತೆ. ಹೊಸದು, ಪಳಗಬೇಕು.’

ನಾಳೆಯೂ ಬಂದಳು, ನಾಡಿದ್ದೂ ಬಂದಳು. ಹಿಂದೆ ಊರಿನವರ ಸಾಲು ಬೆಳೆಯುತ್ತಾ ಅರಮನೆಯ ಬಾಗಿಲು ದಾಟಿ, ಸಂತೆಮಾಳ ದಾಟಿ, ಗಡಿಯಾಚೆ ಹೋಗಿ ಪಕ್ಕದ ರಾಜ್ಯದವರಿಂದ ಅನುಮತಿ ಪಡೆದು ಮುಂದುವರಿಯಿತು. ಆರನೆಯ ದಿನ ಸಾತವ್ವ ಅವನ ಕ್ಯಾರಿಯರ್ ಮುಟ್ಟಿ ನೋಡಿದಳು.

‘ಸಾರು ತಣ್ಣಗೆ ಕೊರೀತಾ ಇದೆಯಲ್ಲೋ. ಯಂತ್ರ ಓಡ್ತಿದ್ರೆ ಬುತ್ತಿ ಬಿಸಿ ಆಗ್ಬೇಕಲ್ವಾ?’

‘ಇದು ಹೊಸ ವಿನ್ಯಾಸ ಅತ್ತೆ. ಬಿಸಿ ಆಗಲ್ಲ.’

‘ಬಿಸಿ ಇಲ್ಲ, ಉಸಿರಿಲ್ಲ, ಅಲುಗಾಟ ಇಲ್ಲ. ನಮ್ಮೂರಲ್ಲಿ ಅಂಥದ್ದನ್ನ ಹೆಗಲ ಮೇಲೆ ಎತ್ಕೊಂಡು ಹೋಗ್ತಾರೆ ಮಗಾ,’ ಎಂದು ಸಾತವ್ವ ಸೆರಗು ಕೊಡವಿ ಹೋದಳು. ಅವಳ ಚೀಲದಲ್ಲಿ ಕಳೆದ ವರ್ಷದ ಅಕ್ಕಿ ತಳ ಮುಟ್ಟುತ್ತಾ ಬಂದಿತ್ತು. ಅದರಲ್ಲೇ ಅವನ ಬುತ್ತಿಯೂ ಬರುತ್ತಿತ್ತೆಂಬುದು ವೀರಪ್ಪನಿಗೆ ಗೊತ್ತಿತ್ತು. ಅಂದು ಅವನು ಕ್ಯಾರಿಯರ್ ಬಿಚ್ಚದೆ ಹಾಗೆಯೇ ಮನೆಗೆ ಒಯ್ದ.

ಗಣಕದ ಜೊತೆ ಬಂದಿದ್ದ ಬಳಕೆಯ ಕೈಪಿಡಿಯನ್ನು ಆಸ್ಥಾನ ಪಂಡಿತರು ಸಂಸ್ಕೃತಕ್ಕೆ ತಿರುಗಿಸಿದ್ದರು. ಪುರೋಹಿತರು ದಿನವೂ ಪೂಜೆಯಲ್ಲಿ ಅದನ್ನು ಪಠಿಸುತ್ತಿದ್ದರು. ಯುಗಾದಿಗೆ ಎರಡು ದಿನವಿರುವಾಗ, ಆರತಿ ತಟ್ಟೆ ಹಿಡಿದು ನಿಂತಿದ್ದ ವೀರಪ್ಪ ಮೊದಲ ಸಲ ಅದಕ್ಕೆ ಕಿವಿಗೊಟ್ಟ.

‘ಅಧೋಭಾಗೇ ವಾಮಕೋಣೇ ಗುಂಡಿಂ ಮಂದಂ ಪೀಡಯೇತ್, ಸ್ವಾಹಾ!’

ಕೆಳಭಾಗದಲ್ಲಿ, ಎಡಮೂಲೆಯಲ್ಲಿ, ಗುಂಡಿಯನ್ನು ಮೆತ್ತಗೆ ಒತ್ತತಕ್ಕದ್ದು. ವೀರಪ್ಪನ ಕೈಯ ತಟ್ಟೆ ಠಣ್ಣೆಂದು ಬಿತ್ತು. ಹೌದಲ್ಲ! ಯಾವ ಹೊಟ್ಟೆಗೂ ನಿಲುಕದ ಜಾಗವೆಂದರೆ ತಳವಲ್ಲದೆ ಇನ್ನಾವುದು? ಅವನ ಅರ್ಜಿಯನ್ನು ಈ ರಾಜ್ಯದಲ್ಲಿ ಮೊಟ್ಟಮೊದಲ ಬಾರಿಗೆ ಯಾರೋ ಪೂರ್ತಿ ಓದಿದ್ದರು. ಗುಂಡಿ ಅಷ್ಟಬಂಧದೊಳಗೆ ಸಿಕ್ಕಿತ್ತು. ಉಗುರು ತೂರಿಸಲು ನೋಡಿದ, ಉಗುರು ಮುರಿಯಿತು.

ಅವನು ನೇರ ಸಭೆಗೆ ಹೋಗಿ ಮಹಾರಾಜನ ಕಾಲಿಗೆ ಬಿದ್ದ. ‘ಪ್ರಭು, ಗಣಕ ಓಡುತ್ತಿಲ್ಲ. ಒಂದು ದಿನವೂ ಓಡಿಲ್ಲ. ನಾನು ಸುಳ್ಳು ಹೇಳಿದೆ. ಗುಂಡಿ ತಳದಲ್ಲಿದೆ.’

ಸಭೆಯಲ್ಲಿ ಗಣಕದಷ್ಟೇ ನಿಶ್ಶಬ್ದ.

‘ತಳದಲ್ಲಿಡಲು ಹೇಳಿದ ಮೂರ್ಖ ಯಾರಯ್ಯಾ?’ ಎಂದ ಮಹಾರಾಜ.

ಸಮ್ಮತಿರಾಯ ಅರ್ಜಿಯನ್ನು ತೆರೆದು ಹಿಡಿದ. ಎರಡು ಗೆರೆಗಳು ದೂರಕ್ಕೂ ಚಂದವಾಗಿಯೇ ಕಾಣುತ್ತಿದ್ದವು. ವೀರಪ್ಪ ತಲೆ ತಗ್ಗಿಸಿದ. ‘ನಾನೇ ಪ್ರಭು. ಶಿಕ್ಷೆ ಕೊಡಿ. ಆದರೆ ಒಂದು ಸಲ, ಹೆಬ್ಬೆರಳು ತೂರುವಷ್ಟು ಅದನ್ನು ಎತ್ತಿಸಿ. ನಮ್ಮತ್ತೆಯ ಚೀಲದಲ್ಲಿ ಎರಡೇ ಹಿಡಿ ಅಕ್ಕಿ ಉಳಿದಿದೆ.’

‘ಹನ್ನೆರಡು ವರ್ಷಕ್ಕೆ ಮೊದಲು ಬಿಡಿಸುವುದೆ? ಶಾಂತಂ ಪಾಪಂ!’ ಪುರೋಹಿತರು ಕಿವಿ ಮುಚ್ಚಿಕೊಂಡರು. ‘ಒಂದು ಅಷ್ಟಬಂಧ ಸಡಿಲಿಸಿದರೆ ಮಿಕ್ಕವೂ ಸಡಿಲುತ್ತವೆ.’

ಮಂತ್ರಿಗಳೆಲ್ಲ ಒಟ್ಟಿಗೆ ತಮ್ಮ ಕುರ್ಚಿಗಳ ಕೈ ಹಿಡಿದುಕೊಂಡರು.

‘ಹನ್ನೆರಡು ವರ್ಷದ ಮೇಲಾದರೂ ಓಡುತ್ತದೆಯೆ?’ ಮಹಾರಾಜ ಕೇಳಿದ.

‘ಆ ಹೊತ್ತಿಗೆ ಇದಕ್ಕಿಂತ ಚಿಕ್ಕದು ಬಂದಿರುತ್ತದೆ ಮಹಾಪ್ರಭು,’ ಎಂದ ಸಮ್ಮತಿರಾಯ. ‘ಅದಿರಲಿ, ಇದರ ಭದ್ರತೆಯನ್ನು ಗಮನಿಸಿ. ನಾವೇ ಆನ್ ಮಾಡಲಾಗದ ಯಂತ್ರವನ್ನು ಶತ್ರು ಆಫ್ ಮಾಡಬಲ್ಲನೆ?’

ಮಹಾರಾಜ ಸಿಂಹಾಸನದಿಂದ ಎದ್ದೇ ನಿಂತ. ಅಂದು ಹೊರಟ ರಾಜಾಜ್ಞೆಯ ಪ್ರಕಾರ ಗಣಕವು ರಾಜ್ಯದ ಅಜೇಯ ಚಕ್ರವರ್ತಿಯಾಯಿತು. ಅದಕ್ಕೊಂದು ಕಿರೀಟ ಮಾಡಿಸಲಾಯಿತು. ಚಿಕ್ಕದನ್ನು ಮಾಡಿ ಅಭ್ಯಾಸವಿಲ್ಲದ ಅಕ್ಕಸಾಲಿಗರು ಆಳೆತ್ತರದ್ದನ್ನೇ ಮಾಡಿದರು. ಅದನ್ನು ತೊಡಿಸಿದ ಮೇಲೆ ಗಣಕ ಯಾರಿಗೂ ಕಾಣಲಿಲ್ಲ. ಪತ್ರ ಸಿಗದ ಪ್ರಜೆಗಳೆಲ್ಲ ಹನ್ನೆರಡು ವರ್ಷ ‘ತಾತ್ಕಾಲಿಕ ದಿವಂಗತರು’ ಎಂದಾಯಿತು. ದಿವಂಗತರಿಗೆ ಹಸಿವಿಲ್ಲವಾದ್ದರಿಂದ ಪಡಿತರ ನಿಂತಿತು. ಆದರೆ ಚಕ್ರವರ್ತಿಯ ನೈವೇದ್ಯಕ್ಕೆ ಮನೆಗೊಂದು ಸೇರು ಅಕ್ಕಿ ತಂದೊಪ್ಪಿಸುವ ಕರ್ತವ್ಯದಿಂದ ಸಾವು ಯಾರನ್ನೂ ಬಿಡುಗಡೆ ಮಾಡುವುದಿಲ್ಲವೆಂದು ಸ್ಪಷ್ಟಪಡಿಸಲಾಯಿತು.

ಇಂಥ ಅಭೇದ್ಯ ವಿನ್ಯಾಸವನ್ನು ಮೊದಲು ಕಲ್ಪಿಸಿದವನೆಂದು ದೊಡ್ಡವೀರಪ್ಪನಿಗೆ ‘ಗಣಕರತ್ನ’ ಬಿರುದು ಬಂತು. ಅವನ ಜೀವಂತಪತ್ರದ ಅವಧಿಯೂ ಯುಗಾದಿಗೆ ಮುಗಿಯಲಿದ್ದುದರಿಂದ ಬಿರುದನ್ನೂ ಅದರ ಪದಕವನ್ನೂ ಮರಣೋತ್ತರವಾಗಿಯೇ ಕೊಟ್ಟರು. ಅವನೇ ಹೋಗಿ ಇಸಕೊಂಡು, ಅವನೇ ಎರಡು ನಿಮಿಷ ಮೌನ ಆಚರಿಸಿದ.

ಯುಗಾದಿಯ ಬೆಳಿಗ್ಗೆ ಪ್ರಜೆಗಳು ನೈವೇದ್ಯದ ಸೇರು ಹಿಡಿದು ಸಾಲುಗಟ್ಟಿದರು. ಕೊರಳಲ್ಲಿ ಪದಕ ತೂಗಿಸಿಕೊಂಡ ವೀರಪ್ಪ ಹೆಸರು ಕೂಗುತ್ತಿದ್ದ. ಕೂಗುತ್ತಾ ಕೂಗುತ್ತಾ ಒಂದು ಹೆಸರಿಗೆ ಬಂದಾಗ ಪಟ್ಟಿಯನ್ನು ಮುಖದ ಮುಂದೆ ಹಿಡಿದುಕೊಂಡ.

‘ದಿವಂಗತ... ದಿವಂಗತ ಸಾತವ್ವ.’

ಸಾತವ್ವ ಮುಂದೆ ಬಂದು, ಆ ಎರಡು ಹಿಡಿಯನ್ನು ಕಿರೀಟದ ಬುಡಕ್ಕೆ ಸುರಿದಳು. ಸೇರು ತುಂಬಲಿಲ್ಲ. ಬಾಕಿಯನ್ನು ನಾಳೆ ತರಬೇಕೆಂದರು ಪುರೋಹಿತರು. ಅವಳು ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಸೋದರಳಿಯನ ಪದಕವನ್ನೂ ತನ್ನ ಹಿಂದೆ ಗಡಿಯಾಚೆಗೂ ನಿಂತ ಜನವನ್ನೂ ಒಮ್ಮೆ ನೋಡಿದಳು.

‘ಏನೋ ದೊಡ್ಡಾ,’ ಎಂದಳು, ‘ಸತ್ತ ಮೇಲೂ ಕ್ಯೂ ತಪ್ಪಲಿಲ್ವಲ್ಲೋ.’